ಮುಂದಿನ ವಾಕ್ಯ ಓದ್ರಿ

ಸತ್ತವರ ಫೋಟೋದ ಕೆಳಗೆ ತಪ್ಪು ಬರೆಯಬಾರದು. ಬದುಕಿದ್ದವರಾದರೆ ಎದ್ದು ಬಂದು ಜಗಳ ತೆಗೆಯುತ್ತಾರೆ, ಸತ್ತವರು ಏನು ಮಾಡಬೇಕು? ಮೂಡಲಗಿಯ ನಮ್ಮ ಹೈಸ್ಕೂಲಿನಲ್ಲಿ ಹಿಂದಿ ಸರ್ ಅವರ ಶ್ರದ್ಧಾಂಜಲಿ ಸಭೆಗೆ ಹೋದ ದಿನ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ವೇದಿಕೆಯ ಹಿಂದೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿದ್ದರು. ನಮ್ಮ ಕಡೆ ಆಗಷ್ಟೇ ಫ್ಲೆಕ್ಸಿನ ಹುಚ್ಚು ಹತ್ತಿತ್ತು; ಹುಟ್ಟಿದ್ದಕ್ಕೂ ಒಂದು, ಸತ್ತದ್ದಕ್ಕೂ ಒಂದು. ನಡುವೆ ಸರ್ ಅವರ ಫೋಟೋ, ಜೇಬಿನಲ್ಲಿ ಎಂದಿನ ಕೆಂಪು ಪೆನ್ನು. ಆಚೆ ಈಚೆ ಎರಡು ರಾಕೆಟ್ಟಿನ ಚಿತ್ರ. ಕೆಳಗೆ ದೊಡ್ಡ ಹಳದಿ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: "ನಾವು ನಾಳೆಯ ಜನ. ನಮಗಾಗಿ ಕಾಯಬೇಡಿ." ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ, "ಗುರುಗಳ ಕಾದಂಬರಿಯಿಂದ."

ಈ ಮಾತನ್ನು ಅವರು ಬರೆಯಲೇ ಇಲ್ಲ. ಬರೆಯದಿದ್ದರೆ ಹೋಗಲಿ, ಈ ಮಾತನ್ನು ಹೊಡೆದುಹಾಕುವುದಕ್ಕೆಂದೇ ಆ ಮನುಷ್ಯ ತಿಂಗಳುಗಟ್ಟಲೆ ಗೋಕಾಕ, ಹುಕ್ಕೇರಿ, ಘಟಪ್ರಭಾ ಎಂದು ಬಸ್ಸು ಹತ್ತಿ ಇಳಿದಿದ್ದರು. ಅದಕ್ಕಾಗಿ ಎಲ್ಲರೆದುರು ಬೈಸಿಕೊಂಡಿದ್ದರು. ಅವತ್ತು ಬೈದ ಹೆಡ್ ಮಾಸ್ತರರೇ, ಈಗ ನಿವೃತ್ತರಾಗಿ ಮುಖ್ಯ ಅತಿಥಿಗಳಾಗಿ, ಅದೇ ಫ್ಲೆಕ್ಸಿನ ಮುಂದೆ ಶಾಲು ಹೊದ್ದು ಕೂತಿದ್ದರು.

ಊರೆಲ್ಲ ಅವರನ್ನು ಹಿಂದಿ ಸರ್ ಎಂದೇ ಕರೆಯುತ್ತಿತ್ತು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ, ಹಾಗಾಗಿ ನಾನೂ ಹೆಸರು ಹೇಳುವುದಿಲ್ಲ. ಒಣಗಿದ ಮೈ, ಉದ್ದ ಕೈಕಾಲು, ಮೂಗಿನ ತುದಿಗೆ ಇಳಿದ ಚಶ್ಮಾ. ತಿದ್ದುವಾಗ ಪೆನ್ನಿನ ಟೊಪ್ಪಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ಟೊಪ್ಪಿಗೆ ಬಾಯಿಯಲ್ಲಿದ್ದಾಗ ಅವರ ಹತ್ತಿರ ಯಾರೂ ಹೋಗಬಾರದು ಎಂಬುದು ಶಾಲೆಯ ಮಕ್ಕಳಿಗೆಲ್ಲ ಗೊತ್ತಿತ್ತು. ನಾನು ವಿಜ್ಞಾನದ ಟೀಚರಾಗಿ ಹೊಸದಾಗಿ ಸೇರಿದವಳು, ಗೊತ್ತಿರಲಿಲ್ಲ. ಮೊದಲ ವಾರವೇ ಹೋಗಿ ನನ್ನ ರಜಾ ಅರ್ಜಿಯನ್ನು ಹೆಡ್ ಮಾಸ್ತರರಿಗೆ ತಲುಪಿಸಲು ಅವರ ಕೈಗೆ ಕೊಟ್ಟೆ. ತಲುಪಿಸುವ ಮೊದಲು ತಿದ್ದಿದರು.

ಅವರ ತಿದ್ದುವ ರೋಗಕ್ಕೆ ಮದ್ದಿರಲಿಲ್ಲ. ಸ್ವಂತ ನಾದಿನಿಯ ಮದುವೆಯ ಆಮಂತ್ರಣ ಪತ್ರಿಕೆಯನ್ನು ಕೆಂಪು ಗೆರೆ ಎಳೆದು ಬೀಗರಿಗೆ ವಾಪಸು ಕಳಿಸಿ, ಎಷ್ಟೋ ದಿನ ಮನೆಯಲ್ಲಿ ಮಾತು ಬಿಡಿಸಿಕೊಂಡಿದ್ದರು. ಒಮ್ಮೆ ಗೋಕಾಕದ ಸ್ಟ್ಯಾಂಡಿನಲ್ಲಿ ನಾನು ಅವರ ಜೊತೆಗಿದ್ದೆ. ಬಂದ ಬಸ್ಸಿನ ಬೋರ್ಡಿನಲ್ಲಿ ಹುಕ್ಕೇರಿಯ ಒತ್ತು ಬಿಟ್ಟು 'ಹುಕೇರಿ' ಎಂದು ಬರೆದಿತ್ತು. ಸರ್ ಕಂಡಕ್ಟರನ್ನು ಕೆಳಗಿಳಿಸಿದರು.

"ಸರ್, ಬಸ್ ಹೋಗೋದು ಹುಕ್ಕೇರಿಗೆನ ರೀ. ಒತ್ತ ಇದ್ರೂ ಹೋಗತೈತಿ, ಇಲ್ದಿದ್ರೂ ಹೋಗತೈತಿ. ಹತ್ತ್ರಿ," ಎಂದ ಅವನು.

"ಊರಿನ ಹೆಸರ ಗೊತ್ತಿಲ್ದ ಬಸ್ಸಿಗೆ ದಾರಿ ಹೆಂಗ ಗೊತ್ತಿರತೈತೋ? ನನಗ ಬ್ಯಾಡ ಈ ಬಸ್ಸು."

ಬಸ್ಸು ಹೋಯಿತು. ಮುಂದಿನದು ಬರುವ ತನಕ ನಾವಿಬ್ಬರೂ ಬಿಸಿಲಲ್ಲಿ ನಿಂತೆವು. ನನಗೆ ಅವರ ಮೇಲೂ ಸಿಟ್ಟು ಬರುತ್ತಿತ್ತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಸತ್ತರೆಂದು ಸಿಹಿ ಬೆರೆಸಿ ಹೇಳುವ ಜಾತಿಯವಳು ನಾನಲ್ಲ.

ಪಾಠ ಮಾಡುವಾಗ ಅವರದು ಒಂದೇ ಮಾತು: ಮುಂದಿನ ವಾಕ್ಯ ಓದು. ಹಿಂದಿಯಲ್ಲಿ 'ಕಲ್' ಎಂಬ ಶಬ್ದವಿದೆಯಲ್ಲ, ಅದಕ್ಕೆ ನಿನ್ನೆ ಎಂದೂ ಅರ್ಥ, ನಾಳೆ ಎಂದೂ ಅರ್ಥ. ಪ್ರತಿ ವರ್ಷ ಎಂಟನೆಯ ಇಯತ್ತೆಯಲ್ಲಿ ಯಾರಾದರೊಬ್ಬರು ಎದ್ದು ನಿಂತು, "ಸರ್, ಎರಡೂ ಒಂದ ಶಬ್ದ ಆದ್ರ ಗೊತ್ತಾಗೋದು ಹೆಂಗ್ರಿ?" ಎಂದು ಕೇಳುವುದು, ಸರ್ ಖುಷಿಯಿಂದ ಮೇಜು ಬಡಿದು, "ಮುಂದಿಂದ ಓದು. ಬಂದ ಅಂತ ಇದ್ರ ನಿನ್ನಿ, ಬರತಾನ ಅಂತ ಇದ್ರ ನಾಳಿ. ಶಬ್ದ ಸುಳ್ಳ ಹೇಳಬಹುದು, ಮುಂದಿನ ವಾಕ್ಯ ಹೇಳಂಗಿಲ್ಲ," ಎನ್ನುವುದು ನಡೆದೇ ಇತ್ತು. ಸ್ಟಾಫ್ ರೂಮಿನಲ್ಲೂ ಅದೇ ಚಾಳಿ. ಹೆಡ್ ಮಾಸ್ತರರು, "ಈ ವರ್ಷ ನಿಮಗೆಲ್ಲ ಕೆಲಸ ಹಗುರ ಮಾಡೇನಿ," ಎಂದು ಸುರು ಮಾಡಿದರೆ ಸರ್ ಮೂಲೆಯಿಂದ, "ಮುಂದಿನ ವಾಕ್ಯ ಓದ್ರಿ," ಎನ್ನುತ್ತಿದ್ದರು. ಮುಂದಿನ ವಾಕ್ಯದಲ್ಲಿ ಶನಿವಾರದ ಹೆಚ್ಚಿನ ಕ್ಲಾಸು ಇದ್ದೇ ಇರುತ್ತಿತ್ತು.

ಅವರ ಮನೆಯವರು ಮಾತು ಕಡಿಮೆಯ ಹೆಂಗಸು. ಆದರೆ ಆಡಿದ್ದು ನೆಟ್ಟಗೆ ಹೋಗಿ ನಾಟುತ್ತಿತ್ತು. "ಉಪ್ಪ ಕಮ್ಮಿ ಐತಿ ಅಂತ ಹೇಳಾಕ ಇವರಿಗೆ ವ್ಯಾಕರಣ ಬೇಕ್ರಿ ಮೇಡಮ್ಮಾರ," ಎಂದು ಒಮ್ಮೆ ನನ್ನೆದುರೇ ಅಂದಿದ್ದರು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಸರ್ ಒಂದು ತುತ್ತು ಮುಟ್ಟುತ್ತಿರಲಿಲ್ಲ. ಎಲ್ಲಿಗೇ ಹೋದರೂ ಅಷ್ಟರೊಳಗೆ ಮನೆ ಸೇರಬೇಕು, ಅಷ್ಟರೊಳಗೆ ಮನೆಯವರ ಅಡುಗೆಯಾಗಿರಬೇಕು. ಸಂಜೆ ಅವರು ಬಾಗಿಲಲ್ಲಿ ಕೂತು ಒಂದು ಕಣ್ಣು ಬಸ್ಸಿನ ದಾರಿಗೆ, ಒಂದು ಕಣ್ಣು ಸೂರ್ಯನಿಗೆ ಇಟ್ಟಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಸರ್ ತಡವಾಗಿ ಬಂದರೆ ಉಪವಾಸ. ಅವರು ಉಣ್ಣದಿದ್ದರೆ ಇವರೂ ಇಲ್ಲ.

ತೊಂಬತ್ತರ ದಶಕದ ನಡುವೆ ಟೀವಿಯಲ್ಲಿ ರವಿವಾರ ಸಂಜೆ ಒಂದು ಹಿಂದಿ ಸೀರಿಯಲ್ಲು ಸುರುವಾಯಿತು. ಅಂತರಿಕ್ಷದ ಹಡಗೊಂದು ನೆಲ ಬಿಟ್ಟು ಹೋಗುತ್ತದೆ. ಅದರ ಕ್ಯಾಪ್ಟನ್ ಒಬ್ಬ ಹೆಂಗಸು. ಹೋಗುತ್ತ ಹೋಗುತ್ತ ಹಡಗು ಎಷ್ಟು ದೂರವಾಗುತ್ತದೆಂದರೆ, ಅವರು ಆಡಿದ ಮಾತು ಇಲ್ಲಿಗೆ ಮುಟ್ಟುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಹಡಗನ್ನು ತಗಡಿನಿಂದ ಮಾಡಿದ್ದರು, ಅದು ಕಾಣುತ್ತಿತ್ತು ಕೂಡ. ಆದರೂ ಗೋಕಾಕದಿಂದ ಹುಕ್ಕೇರಿಯವರೆಗೆ ಮಕ್ಕಳೆಲ್ಲ ಅದಕ್ಕೆ ಹುಚ್ಚಾದರು. 'ಹಡಗಿನ ಸೀರಿಯಲ್ಲು' ಎಂದೇ ಅದಕ್ಕೆ ಹೆಸರಾಯಿತು.

ಮೂಡಲಗಿಯಲ್ಲಿ ಸರಿಯಾಗಿ ಆ ಹೊತ್ತಿಗೇ ಕರೆಂಟು ಹೋಗುತ್ತಿತ್ತು. ಗೋಕಾಕದ ನಮ್ಮ ಓಣಿಯಲ್ಲಿ ಇರುತ್ತಿತ್ತು. ಹಾಗಾಗಿ ಸರ್ ರವಿವಾರ ಮಧ್ಯಾಹ್ನ ಬಸ್ಸು ಹತ್ತಿ ನಮ್ಮ ಮನೆಗೆ ಬರತೊಡಗಿದರು. ನಮ್ಮ ಅತ್ತೆ ಹೊತ್ತು ಮುಳುಗುವ ಮೊದಲೇ ಅವರಿಗೆ ರೊಟ್ಟಿ, ಪಲ್ಯ ಬಡಿಸಿಬಿಡುತ್ತಿದ್ದರು. ಆಮೇಲೆ ಸರ್ ಟೀವಿಯೆದುರು ನೆಟ್ಟಗೆ ಕೂತು ನೋಡಿ, ಸೋಮವಾರ ಶಾಲೆಯಲ್ಲಿ ಇಡೀ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಟೀವಿಯಲ್ಲಿ ನೋಡಿದ ನನಗೇ ಅವರು ಹೇಳಿದ್ದು ಹೆಚ್ಚು ಚಂದ ಎನಿಸುತ್ತಿತ್ತು. ಅವರ ಕ್ಯಾಪ್ಟನ್, "ಏ ತಮ್ಮಾ, ಇಂಜಿನ್ ಯಾಕ ಗುಂಯ್ ಅನ್ನಾಕತ್ತೈತಿ ನೋಡ," ಎನ್ನುತ್ತಿದ್ದಳು.

ಒಂದು ರವಿವಾರ ಕ್ಯಾಪ್ಟನ್ ಕ್ಯಾಮೆರಾದ ಕಡೆ ಮುಖ ಮಾಡಿ ಹೇಳಿದಳು: "ಹಮ್ ಕಲ್ ಕೇ ಲೋಗ್ ಹೈಂ. ಹಮಾರಾ ಇಂತಜಾರ್ ಮತ್ ಕರ್ನಾ." ನಾವು 'ಕಲ್'ನ ಜನ, ನಮಗಾಗಿ ಕಾಯಬೇಡಿ ಎಂದು. ಪರದೆ ಕತ್ತಲಾಯಿತು, ಹೆಸರುಗಳು ಓಡಿದವು. ಮುಂದಿನ ರವಿವಾರ ಆ ಹೊತ್ತಿಗೆ ಯಾರೋ ಅಡುಗೆ ಮಾಡಿ ತೋರಿಸುತ್ತಿದ್ದರು. ಸೀರಿಯಲ್ಲು ಅಲ್ಲಿಗೇ ನಿಂತುಹೋಗಿತ್ತು. ಯಾಕೆಂದು ಯಾರೂ ಹೇಳಲಿಲ್ಲ. ಮಕ್ಕಳು ಸರ್ ಬೆನ್ನು ಹತ್ತಿದರು: ಅವರು ವಾಪಸ್ ಬಂದ್ರೇನ್ರಿ ಸರ್? ಬರತಾರೇನ್ರಿ?

ಬೆಳಗಾವಿಯ ಒಬ್ಬ ಪ್ರಕಾಶಕ, ಶಾಲೆಯ ಗೈಡುಗಳನ್ನು ಅಚ್ಚು ಹಾಕುವವನು, ಸೀರಿಯಲ್ಲಿನ ಮಾಲಕರಿಂದ ಅದನ್ನು ಕನ್ನಡದಲ್ಲಿ ಕಾದಂಬರಿ ಮಾಡುವ ಒಪ್ಪಿಗೆ ತಂದಿದ್ದ. ಸರ್ ಅವನಿಗೆ ಹಿಂದಿ ಗೈಡು ಬರೆದುಕೊಟ್ಟ ಪರಿಚಯ. ಸಂಭಾಷಣೆಯ ಹಾಳೆಗಳನ್ನು ಕಳಿಸಿ, "ಕಡೀ ಭಾಗ ಟೀವಿಯೊಳಗ ಬಂದಿಲ್ರಿ, ಅದನ್ನ ನೀವ ಬರದ ಮುಗಸ್ರಿ," ಎಂದ. ಸರ್ ಬೇಸಿಗೆ ರಜೆಯಿಡೀ ಬರೆದರು. ನಡುನಡುವೆ ನಮ್ಮ ಮನೆಗೆ ಬಂದು ನನ್ನ ತಲೆ ತಿನ್ನುತ್ತಿದ್ದರು.

"ಮೇಡಮ್ಮಾರ, ಅಷ್ಟ ದೂರದಿಂದ ಮಾತ ಬರೋದ್ರಾಗ ಆಡಿದಾವ್ರು ಇರತಾರೇನ್ರಿ?"

"ಇರಲಿಕ್ಕೂ ಸಾಕು, ಇಲ್ದಿರಲಿಕ್ಕೂ ಸಾಕ್ರಿ. ಚುಕ್ಕಿ ನೋಡತೇವಲ್ರಿ, ನಮಗ ಕಾಣೋ ಬೆಳಕು ಎಷ್ಟೋ ವರ್ಷದ ಹಿಂದಿಂದು. ನಾವು ನೋಡೋದು ನಿನ್ನಿ ಚುಕ್ಕಿ. ಇವತ್ತ ಅದು ಅಲ್ಲಿ ಐತೋ ಇಲ್ಲೋ, ಯಾರಿಗ್ಗೊತ್ತು."

ಸರ್ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಆಮೇಲೆ, "ನಿನ್ನಿ ಮಂದಿ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ನಾನು ವಿಜ್ಞಾನ ಹೇಳಿದೆ ಅಂದುಕೊಂಡಿದ್ದೆ. ಅವರು ಕೇಳಿಸಿಕೊಂಡದ್ದು ಬೇರೆಯೇ ಎಂಬುದು ಆ ವರ್ಷ ಮಕ್ಕಳನ್ನು ಹಿಡಕಲ್ ಡ್ಯಾಮಿಗೆ ಟ್ರಿಪ್ಪು ಕರೆದುಕೊಂಡು ಹೋದಾಗ ತಿಳಿಯಿತು.

ಮಕ್ಕಳು ಬುತ್ತಿ ಬಿಚ್ಚಿದ್ದರು. ಸರ್ ನೀರಿನ ಕಡೆ ಬೆರಳು ಮಾಡಿ, "ನಮ್ಮ ಮನಿ ಅಲ್ಲೈತ್ರಿ," ಎಂದರು. ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅವರದೂ ಒಂದು. ಆಗ ಅವರು ನೌಕರಿಗೆ ಸೇರಿದ ಹೊಸತು. ಮನೆ ಮಂದಿಯೆಲ್ಲ ಸಾಮಾನು ಹೇರಿಕೊಂಡು ಘೋಡಗೇರಿಗೆ ಬಂದು ನೆಲೆಸಿದರು. ಅವರ ತಾಯಿ ಮಾತ್ರ ನೆಲೆಸಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಊರಿನ ಬುನಾದಿಗಳು ಕಾಣುತ್ತವಂತೆ. ತಾಯಿ ಪ್ರತಿ ಬೇಸಿಗೆ ಬುತ್ತಿ ಕಟ್ಟಿಕೊಂಡು ಬಂದು ದಂಡೆಯಲ್ಲಿ ಕೂತು, ತಮ್ಮ ಮನೆಯ ಹೊಸ್ತಿಲು ಮೇಲೇಳುವುದನ್ನು ಕಾಯುತ್ತಿದ್ದರು. ಘೋಡಗೇರಿಯ ಮನೆಯಲ್ಲಿ ತಾಮ್ರದ ಪಾತ್ರೆಗಳನ್ನು ಕಟ್ಟಿದ ಚೀಲದಿಂದ ಹೊರಗೇ ತೆಗೆದಿರಲಿಲ್ಲ, ಹೇಗೂ ವಾಪಸು ಹೋಗುವುದಿದೆಯಲ್ಲ ಎಂದು.

"ಎಲ್ಲಾರೂ ಆಕಿಗೆ ನಾಳಿ ಅಂತಿದ್ರು," ಸರ್ ಹೇಳಿದರು. "ನಾಳಿ ನೀರ ಇಳೀತೈತಿ, ನಾಳಿ ಹೋಗೋಣು. ನಮ್ಮ ಅಪ್ಪನೂ ಅಂದಾ, ನಾನೂ ಅಂದೆ. ಸಮಾಧಾನ ಮಾಡಾಕ ಅಂತ ಅನ್ನೋದು. ಆಕಿ ಒಣಗಿ ಕಡ್ಡಿ ಆದ್ಲು. ಕಡೀಕೊಮ್ಮೆ ಇಲ್ಲೇ, ಈ ದಂಡಿ ಮ್ಯಾಲ, ಅವ್ವಾ, ಅದು ನಿನ್ನಿ ಊರು, ಅದನ್ನ ಕಾಯಬ್ಯಾಡ ಅಂತ ಅಂದಬಿಟ್ಟೆ. ಬೈತಾಳ ಅಂತ ಮಾಡಿದ್ದೆ. ಸುಮ್ನ ಎದ್ದು ಬಸ್ ಹತ್ತಿದ್ಲು. ಮನಿಗೆ ಹೋಗಿ ಚೀಲಾ ಬಿಚ್ಚಿ, ತಾಮ್ರದ ಕೊಡಾ ಬೆಳಗಿ, ಹೊತ್ತ ಮುಳುಗೋದ್ರಾಗ ಅಡಗಿ ಮಾಡಿ ಎಲ್ಲಾರಿಗೂ ಬಡಸಿದ್ಲು. ತಾನೂ ಹೊಟ್ಟಿ ತುಂಬ ಉಂಡ್ಲು."

ಇಷ್ಟು ಹೇಳಿ ಅವರು ಒಬ್ಬ ಹುಡುಗನ ಟೊಪ್ಪಿಗೆ ನೀರಿಗೆ ಬಿದ್ದದ್ದಕ್ಕೆ ಅವನನ್ನು ಬೈಯಲು ಹೋದರು.

ಕಾದಂಬರಿಯ ಕೊನೆಯನ್ನು ಅವರು ಬರೆದದ್ದು ಹೀಗೆ. ಭೂಮಿಯ ಮೇಲೆ ಕ್ಯಾಪ್ಟನ್ನಳ ತಾಯಿ ರೇಡಿಯೋ ಕೇಂದ್ರವೊಂದರಲ್ಲಿ ವರ್ಷಗಟ್ಟಲೆ ಮಗಳ ಧ್ವನಿಗಾಗಿ ಕಾಯುತ್ತ ಕೂತಿದ್ದಾಳೆ. ಕೊನೆಗೆ ಧ್ವನಿ ಬರುತ್ತದೆ: ನಾವು ನಿನ್ನೆಯ ಜನ, ನಮಗಾಗಿ ಕಾಯಬೇಡಿ. ತಾಯಿ ಎದ್ದು ರೇಡಿಯೋ ಆರಿಸಿ, ಬಾಗಿಲು ಮುಚ್ಚಿ, ಮನೆಗೆ ಹೋಗಿ ಒಲೆ ಹೊತ್ತಿಸುತ್ತಾಳೆ. ಅಷ್ಟೇ. ಆ ಪುಟಗಳನ್ನು ಸರ್ ನಮ್ಮ ಪಡಸಾಲೆಯಲ್ಲಿ ಓದಿದಾಗ, ಹಡಗು ರಾಕೆಟ್ಟು ಎಂದರೆ ಮೂಗು ಮುರಿಯುತ್ತಿದ್ದ ನಮ್ಮ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಪುಸ್ತಕ ಬಂತು. ಮುಖಪುಟದಲ್ಲಿ ಟೀವಿಯ ನಟಿಯ ಫೋಟೋ. ಬರೆದವರ ಹೆಸರಿರಬೇಕಾದಲ್ಲಿ 'ಸಂಪಾದಕ ಮಂಡಳಿ' ಎಂದಿತ್ತು. ನಾನು ಕುದಿದು ಹೋದೆ. ಸರ್ ಅದನ್ನು ಗಮನಿಸಲೇ ಇಲ್ಲ. ಅವರು ನೆಟ್ಟಗೆ ಕೊನೆಯ ಪುಟ ತೆಗೆದರು. ಪೆನ್ನಿನ ಟೊಪ್ಪಿಗೆ ಬಾಯಿಗೆ ಹೋಯಿತು.

"ನಾವು ನಾಳೆಯ ಜನ. ನಮಗಾಗಿ ಕಾಯಬೇಡಿ."

ಇಡೀ ಪುಸ್ತಕದಲ್ಲಿ ಇನ್ನೇನನ್ನೂ ಮುಟ್ಟಿರಲಿಲ್ಲ. ಗುಂಯ್ ಎನ್ನುವ ಇಂಜಿನ್ನು ಕೂಡ ಹಾಗೇ ಇತ್ತು. ಒಂದು ಶಬ್ದ ಬದಲಾಯಿಸಿದ್ದರು, ಅದೂ ಆ ಶಬ್ದ. ಈಗ ಓದಿ ನೋಡಿ: ಮಗಳು ನಾವು ನಾಳೆಯವರು ಅನ್ನುತ್ತಾಳೆ, ತಾಯಿ ರೇಡಿಯೋ ಆರಿಸಿ ಅಡುಗೆ ಮಾಡಲು ಹೋಗುತ್ತಾಳೆ. ಬಿಡುಗಡೆಯಾದ ತಾಯಿ ಹೋಗಿ ಕಲ್ಲೆದೆಯ ತಾಯಿ ಬಂದು ಕೂತಳು. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರೇ ಬಂದು, "ಸರ್, ಪುಸ್ತಕ ಚಲೋ ಐತ್ರಿ, ಆದ್ರ ಆ ತಾಯಿಗೆ ಕರುಳ ಇಲ್ಲೇನ್ರಿ?" ಎಂದು ಕೇಳಿದರು. ಸರ್ ಮುಖ ನೋಡಬೇಕಿತ್ತು. ಅವರ ತಾಯಿ ತೀರಿಕೊಂಡು ಆಗ ಬಹಳ ದಿನವಾಗಿರಲಿಲ್ಲ.

ಪ್ರಯೋಗಶಾಲೆಯ ಸಾಮಾನು ತರಲು ನಾನು ಬೆಳಗಾವಿಗೆ ಹೋಗುವುದಿತ್ತು, ಸರ್ ಜೊತೆಗೆ ಬಂದರು. ಪ್ರಕಾಶಕ ಗಲ್ಲೆಯ ಮೇಲೆ ಕೂತು ನಗುತ್ತ ಬರಮಾಡಿಕೊಂಡ.

"ಸಿಟ್ಟಾಗಬ್ಯಾಡ್ರಿ ಸರ್. ಸೈನ್ಸ್ ಅಂದ ಮ್ಯಾಲೆ ಮುಂದಿಂದ ಇರಬೇಕ್ರಿ. ನಿನ್ನಿ ಅಂದ್ರ ಇತಿಹಾಸ ಆಗತೈತಿ. ನಾಳೆ ಅಂದ್ರ ಮಂದಿಗೆ ಹುರುಪ ಬರತೈತಿ."

"ಮುಂದಿನ ವಾಕ್ಯ ಓದ್ರಿ."

"ಓದೇನ್ರಿ."

"ನಾಳಿ ಬರಾವ್ರು ಕಾಯಬ್ಯಾಡ್ರಿ ಅಂತಾರೇನು?"

"ಅದಕ್ಕೇನೋ ಗೂಢಾರ್ಥ ಇರಬೇಕು ಅಂತ ಓದೂ ಮಂದಿ ತಿಳಕೋತಾರ್ರಿ."

"ಗೂಢಾರ್ಥ ಅಲ್ರಿ ಅದು, ದಡ್ಡತನ."

ಪ್ರಕಾಶಕನ ನಗು ಸ್ವಲ್ಪ ಕಮ್ಮಿಯಾಯಿತು. ಕಪಾಟಿನಿಂದ ಒಂದು ಹಿಂದಿ ಗೈಡು ತೆಗೆದು, ಹಿಂದಿನ ಶಬ್ದಾರ್ಥದ ಪುಟ ತೋರಿಸಿದ. "ಅಲ್ರಿ ಸರ್, ಇದ ನೀವ ಬರದದ್ದಲ್ಲೇನು? ಕಲ್ ಅಂದ್ರ ನಾಳೆ. ನಮ್ಮ ಪ್ರೂಫ್ ನೋಡೂ ಹುಡುಗಾ ಇದನ್ನ ನೋಡೇ ತಿದ್ದ್ಯಾನ."

ಸರ್ ಬರೆದುಕೊಟ್ಟದ್ದು 'ನಿನ್ನೆ, ನಾಳೆ' ಎಂದು. ಸಾಲಿನಲ್ಲಿ ಜಾಗ ಸಾಲದೆ ಇವನ ಅಚ್ಚಿನ ಮನೆಯವರೇ 'ನಿನ್ನೆ'ಯನ್ನು ಬಿಟ್ಟಿದ್ದರು. ಇವರೇ ಮಾಡಿದ ಹಳೆಯ ತಪ್ಪನ್ನು ಸಾಕ್ಷಿ ಮಾಡಿಕೊಂಡು ಇವರೇ ಹೊಸ ತಪ್ಪು ಮಾಡಿದ್ದರು! ನನಗೆ ಆ ಗೈಡನ್ನು ತೆಗೆದು ಅವನ ತಲೆಯ ಮೇಲೆ ಕುಕ್ಕಬೇಕೆನಿಸಿತು. ಸರ್ ಮಾತ್ರ ಧ್ವನಿ ಏರಿಸಲಿಲ್ಲ. ಅವರಿಗೆ ನಿಜವಾಗಿ ಸಿಟ್ಟು ಬಂದಾಗ ಧ್ವನಿ ಇಳಿಯುತ್ತಿತ್ತು.

"ಅಂಗಡ್ಯಾಗ ಇಂದು ರೋಖ ನಾಳೆ ಉದ್ರಿ ಅಂತ ಬರದಿರತಾರಲ್ರಿ, ನಿಮ್ಮ ನಾಳೆ ಆ ನಾಳೆ. ಎಂದೂ ಬರಂಗಿಲ್ಲ. ಅಂಥಾ ನಾಳಿ ಒಳಗ ನನ್ನ ತಾಯೀನ್ನ ನೀವು ಕರುಳಿಲ್ದಾಕಿ ಮಾಡಿ ಕುಂಡರಿಸೀರಿ."

"ತಾಯಿ? ಯಾರ ತಾಯಿ ರೀ?" ಎಂದು ಪ್ರಕಾಶಕ ನನ್ನ ಮುಖ ನೋಡಿದ. ಕೊನೆಗೆ ಅವನು, "ಮುಂದಿನ ಮುದ್ರಣದಾಗ ತಿದ್ದೋಣ್ರಿ. ನಾಳೆ ಫೋನ್ ಮಾಡತೇನಿ," ಎಂದ. ಹಾಗೆಂದ ಮೇಲೆ ಏನು ಅಂದೆ ಎಂಬುದು ಅವನಿಗೇ ಹೊಳೆಯಲಿಲ್ಲ.

ಮುಂದಿನ ಮುದ್ರಣ ಬರಲಿಲ್ಲ, ಫೋನೂ ಬರಲಿಲ್ಲ. ಆಗ ಸರ್ ತಮಗೆ ಗೊತ್ತಿದ್ದ ಒಂದೇ ಕೆಲಸಕ್ಕೆ ಇಳಿದರು. ರವಿವಾರ ಬೆಳಗಾದರೆ ಬಸ್ಸು ಹತ್ತಿ ಗೋಕಾಕದ ಸ್ಟ್ಯಾಂಡು, ಘಟಪ್ರಭಾದ ರೈಲ್ವೆ ಸ್ಟೇಶನ್ನು, ಕೊಣ್ಣೂರ, ಹುಕ್ಕೇರಿ ಎಂದು ಪುಸ್ತಕದ ಅಂಗಡಿ ಇದ್ದಲ್ಲೆಲ್ಲ ಇಳಿಯುವುದು. ಗಿರಾಕಿಯಂತೆ ಪುಸ್ತಕ ಎತ್ತಿಕೊಂಡು ಕೊನೆಯ ಪುಟ ತೆಗೆದು, 'ನಾಳೆಯ' ಎಂಬುದರ ಮೇಲೆ ಗೆರೆ ಎಳೆದು 'ನಿನ್ನೆಯ' ಎಂದು ಬರೆದು, ಮೊದಲಿನಂತೆ ಇಟ್ಟು ಬರುವುದು. ಯಾರದೋ ಮನೆಯಲ್ಲಿ ಆ ಪುಸ್ತಕ ಇದೆಯೆಂದು ಕೇಳಿದರೆ ಅಲ್ಲಿಗೂ ಹೋಗಿ ಚಹಾ ಕುಡಿದು ತಿದ್ದಿ ಬರುತ್ತಿದ್ದರು.

ಹುಕ್ಕೇರಿಯಲ್ಲಿ ಸಿಕ್ಕಿಬಿದ್ದರು. ಸಂತೆಯ ದಿನ, ಮಂದಿ ಸೇರಿತು. ಅಂಗಡಿಯವನು ಕೈ ಹಿಡಿದು, "ವಯಸ್ಸಾದಾವ್ರು ಅದೀರಿ, ಹೊಸಾ ಪುಸ್ತಕ ಹೊಲಸ ಮಾಡಾಕತ್ತೀರಲ್ರಿ, ನಾಚಿಕಿ ಬರಂಗಿಲ್ಲೇನು?" ಎಂದ. ಸರ್ ಅವನಿಗೆ ಮುಂದಿನ ವಾಕ್ಯ ಓದು ಎಂದರಂತೆ. ಅವನು ಓದಲಿಲ್ಲ, ಪ್ರಕಾಶಕನಿಗೆ ಹೇಳಿ ಕಳಿಸಿದ. ಪ್ರಕಾಶಕ ನಮ್ಮ ಹೆಡ್ ಮಾಸ್ತರರಿಗೆ ಫೋನು ಮಾಡಿದ.

ಹೆಡ್ ಮಾಸ್ತರರು ತಮ್ಮ ಕೋಣೆಗೆ ಕರೆದು ಹೇಳಬಹುದಿತ್ತು. ಇಲ್ಲ, ಸ್ಟಾಫ್ ರೂಮಿಗೇ ಬಂದರು, ನಾವೆಲ್ಲ ಇರುವಾಗ. "ಏನ್ರಿ ಇದು? ಊರೂರ ತಿರುಗಿ ಮಂದಿ ಮಾಲ ಕೆಡಸಾಕತ್ತೀರಂತ. ಸಾಲಿ ಹೆಸರ ಕೆಡತೈತಿ. ಅದೂ ಎಂಥಾ ಪುಸ್ತಕಕ್ಕ, ಟೀವಿ ಕಥಿ ನೋಡಿ ಬರದ ನಕಲಿಗೆ. ಅದರಾಗ ಒಂದ ಶಬ್ದಕ್ಕ ಇಷ್ಟ ಹುಚ್ಚಾಟ ಏನ್ರಿ? ನಾಳೆ ಆದ್ರೇನು, ನಿನ್ನೆ ಆದ್ರೇನು?"

ಸರ್ ಎದ್ದು ನಿಂತಿದ್ದರು. ನಾನು, "ಅರ್ಥ ತಿರುಮುರುವ ಆಗತೈತ್ರಿ ಸರ್," ಎಂದೆ. "ನೀವು ನಿಮ್ಮ ವಿಜ್ಞಾನ ನೋಡಕೋರಿ," ಎಂದರು ಹೆಡ್ ಮಾಸ್ತರರು. ಡ್ರಾಯಿಂಗ್ ಮಾಸ್ತರರು ಕಿಟಕಿಯ ಕಡೆ ನೋಡುತ್ತ ನಕ್ಕರು. ಅವತ್ತಿನಿಂದ ಸರ್ ತಿದ್ದಲು ಹೋಗುವುದನ್ನು ಬಿಟ್ಟರು. ಬಸ್ಸಿನ ಬೋರ್ಡನ್ನೂ ತಿದ್ದಲಿಲ್ಲ, ಲಗ್ನಪತ್ರಿಕೆಯನ್ನೂ ತಿದ್ದಲಿಲ್ಲ. ಮಕ್ಕಳ ಪೇಪರು ಮಾತ್ರ ತಿದ್ದುತ್ತ ನಿವೃತ್ತರಾದರು. ಒಬ್ಬ ಮನುಷ್ಯನ ಹುಚ್ಚನ್ನು ಬಿಡಿಸಿದೆವೆಂದು ಎಲ್ಲರೂ ಖುಷಿಪಟ್ಟರು. ಆ ಹುಚ್ಚು ಬಿಟ್ಟ ಮೇಲೆ ಆ ಮನುಷ್ಯ ಎಷ್ಟು ಸಣ್ಣಗಾದರೆಂಬುದನ್ನು ಯಾರೂ ನೋಡಲಿಲ್ಲ, ಅವರ ಮನೆಯವರನ್ನು ಬಿಟ್ಟು.

ಶ್ರದ್ಧಾಂಜಲಿ ಸಭೆಯಲ್ಲಿ ಸರ್ ಮನೆಯವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಯಾರ ಭಾಷಣಕ್ಕೂ ತಲೆ ಎತ್ತಲಿಲ್ಲ. ಡ್ರಾಯಿಂಗ್ ಮಾಸ್ತರರು ಎರಡು ಮಾತಾಡಿ ಕೂತರು. ಆ ಫ್ಲೆಕ್ಸಿನ ವಿನ್ಯಾಸ ಅವರದೇ. ಆಮೇಲೆ ಹಳೆಯ ಹೆಡ್ ಮಾಸ್ತರರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ನಮ್ಮ ಹಿಂದಿ ಗುರುಗಳು ನಾಳೆಯ ಕನಸು ಕಂಡವರು. ಇಲ್ಲಿ ನೋಡಿ, ಎಂಥಾ ಮಾತು ಬರೆದಿದ್ದಾರೆ, ನಾವು ನಾಳೆಯ ಜನ..."

ನಾನು ಎದ್ದೆ. ಸಾವಿನ ಸಭೆಯಲ್ಲಿ ಹಾಗೆ ಏಳಬಾರದು, ನನಗೂ ಗೊತ್ತಿದೆ. ಆಫೀಸಿಗೆ ಹೋಗಿ ಪೇಪರಿನ ಕಟ್ಟುಗಳ ಮೇಲೆ ನಂಬರು ಬರೆಯುವ ದಪ್ಪ ಮಾರ್ಕರ್ ತಂದೆ. ಮೆಟ್ಟಿಲು ಹತ್ತಿ ವೇದಿಕೆಗೆ ಹೋಗಿ ಒಂದು ಕುರ್ಚಿ ಎಳೆದುಕೊಂಡು ಅದರ ಮೇಲೆ ನಿಂತೆ. ಹೆಡ್ ಮಾಸ್ತರರ ಭಾಷಣ ನಿಂತಿತು.

"ಏನ್ ಮಾಡಾಕತ್ತೀರಿ ಮೇಡಮ್ಮಾರ?" ಮೈಕಿನಲ್ಲೇ ಕೇಳಿದರು, ಇಡೀ ಶಾಲೆಗೆ ಕೇಳಿಸಿತು.

"ತಿದ್ದಾಕತ್ತೇನ್ರಿ."

"ಅವರದ ಮಾತದು. ಅವರ ಪುಸ್ತಕದಾಗಿಂದು."

"ಮುಂದಿನ ವಾಕ್ಯ ಓದ್ರಿ."

ಅವರು ತಿರುಗಿ ಫ್ಲೆಕ್ಸ್ ನೋಡಿದರು. ಓದಿದರೋ ಇಲ್ಲವೋ ಗೊತ್ತಿಲ್ಲ. ಫ್ಲೆಕ್ಸು ನುಣುಪು, ಮಾರ್ಕರ್ ಜಾರುತ್ತಿತ್ತು. 'ನಾಳೆಯ' ಎಂಬುದರ ಮೇಲೆ ಅಡ್ಡಗೆರೆ ಎಳೆದೆ. ಮೇಲೆ 'ನಿನ್ನೆಯ' ಎಂದು ಬರೆದೆ. ಒತ್ತು ಸರಿಯಾಗಿ ಬಿತ್ತೇ ಎಂದು ಇನ್ನೊಮ್ಮೆ ನೋಡಿದೆ. ಸಭೆಯಲ್ಲಿ ಗುಜುಗುಜು ಎದ್ದಿತ್ತು. ಯಾರೋ, "ಇವರಿಗೂ ಸರ್ ರೋಗ ಹತ್ತೇತಿ," ಎಂದದ್ದು ಕೇಳಿಸಿತು. ಹೌದು, ಹತ್ತಿದೆ. ನಾನು ಕುರ್ಚಿಯಿಂದ ಇಳಿಯುವುದರಲ್ಲಿದ್ದೆ.

"ಕೆಳಗ ಇನ್ನೊಂದ ಐತ್ರಿ."

ಸರ್ ಮನೆಯವರು. ಕೂತಲ್ಲಿಂದಲೇ ಹೇಳಿದ್ದರು. ಫ್ಲೆಕ್ಸಿನ ಅಂಚಿನಲ್ಲಿ, 'ನಾಳೆಯ ಜನರ ಗುರುವಿಗೆ ನಮನ' ಎಂದು ಸಣ್ಣದಾಗಿ ಬರೆದದ್ದು ನನಗೆ ಕಂಡಿರಲೇ ಇಲ್ಲ. ತಲೆಯೆತ್ತದೆ ಕೂತಿದ್ದ ಅವರು ಅದನ್ನು ಯಾವಾಗ ಓದಿದ್ದರೋ. ಬಗ್ಗಿ ಅದನ್ನೂ ಹೊಡೆದೆ.

ಕೆಳಗಿಳಿದು ಅವರ ಪಕ್ಕದಲ್ಲಿ ಕೂತೆ. ಅವರು ಫ್ಲೆಕ್ಸಿನ ಕಡೆ ಬಹಳ ಹೊತ್ತು ನೋಡಿದರು, ಫೋಟೋ ನೋಡಿದರೋ ಅಕ್ಷರ ನೋಡಿದರೋ ತಿಳಿಯಲಿಲ್ಲ. ಆಮೇಲೆ ನನಗಷ್ಟೇ ಕೇಳುವಂತೆ ಹೇಳಿದರು:

"ಈಗ ಸರಿ ಆತ್ರಿ. ನಾಳಿ ಅಂತ ಇದ್ದಿದ್ರ ದಿನಾ ಹೊತ್ತ ಮುಳುಗೋದ್ರಾಗ ಅಡಗಿ ಮಾಡಿ ಇವರನ್ನ ಕಾಯಬೇಕಾಗತಿತ್ತು."